ಎರಡು ನಿಮಿಷದ ಮಾತಿಗೆ ಎಷ್ಟು ಮೈಲಿ ನಡೆಯಬೇಕು

2019ರ ಫೆಬ್ರವರಿ ಕೊನೆಯ ವಾರ ನಾನು ಬೆಂಗಳೂರಿನ ಒಂದು ಸುದ್ದಿ ಚಾನೆಲ್ಲಿನ ಔಟ್‌ಪುಟ್ ಡೆಸ್ಕಿನಲ್ಲಿದ್ದೆ. ಬಾಲಾಕೋಟ್ ದಾಳಿ ನಡೆದ ವಾರ ಅದು. ನಾಲ್ಕು ದಿನ ಮನೆಗೆ ಹೋಗಿದ್ದು ಸ್ನಾನಕ್ಕೆ ಮಾತ್ರ. ಹೆಡ್‌ಲೈನ್ ಬರೆಯುವುದು, ಆ್ಯಂಕರ್ ಓದುವ ಸಾಲು ಬರೆಯುವುದು, ಕೆಳಗೆ ಓಡುವ ಸ್ಕ್ರೋಲ್ ನೋಡಿಕೊಳ್ಳುವುದು ನನ್ನ ಕೆಲಸ. ಗ್ರಾಫಿಕ್ಸ್ ಹುಡುಗರು ಪರದೆ ತುಂಬ ಯುದ್ಧವಿಮಾನ ಹಾರಿಸುತ್ತಿದ್ದರು. ಹಿನ್ನೆಲೆಯಲ್ಲಿ ಸೈರನ್ ಸದ್ದು. ಆ ನಾಲ್ಕು ದಿನ ನಾನು ಬರೆದ ಸಾಲುಗಳಲ್ಲಿ ಬೆಂಕಿ, ರಣ, ಸೇಡು ಇಲ್ಲದ ಸಾಲು ಹುಡುಕಿದರೂ ಸಿಗುತ್ತಿರಲಿಲ್ಲ.

ಮೂರನೇ ರಾತ್ರಿ ಊರಿಗೆ ಫೋನ್ ಮಾಡಿದೆ. ಅಪ್ಪಯ್ಯ ನಮ್ಮ ಚಾನೆಲ್ಲೇ ನೋಡುತ್ತಿದ್ದರು. ಫೋನಿನಲ್ಲಿ ಆ ಸೈರನ್ ನನಗೇ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ನಿಂತಿತು. ಟಿವಿ ಆರಿಸಿದ್ದರು.

"ಮಗಾ, ನೀನು ಗಡಿ ನೋಡಿದ್ಯಾ?" ಅಂತ ಕೇಳಿದರು.

"ಇಲ್ಲ ಅಪ್ಪಯ್ಯ."

"ಹೂಂ. ಊಟ ಮಾಡು, ಹೊತ್ತಾಯ್ತು."

ಅಷ್ಟೇ. ಬೈಗುಳ ಇರಲಿಲ್ಲ, ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅಪ್ಪಯ್ಯ ಗ್ರೆಫ್‌ನಲ್ಲಿದ್ದವರು. ಗಡಿ ಭಾಗದಲ್ಲಿ ಬೆಟ್ಟ ಕಡಿದು ರಸ್ತೆ ಮಾಡುವ ಪಡೆ ಅದು. ಎಪ್ಪತ್ತರ ದಶಕದ ಕೊನೆಯಲ್ಲಿ ಮೂರು ವರ್ಷ ನಾಗಾಲ್ಯಾಂಡಿನಲ್ಲಿದ್ದರು, ಮೊಕೊಕ್‌ಚುಂಗ್ ಕಡೆ. ಆ ಮೂರು ವರ್ಷದ ಬಗ್ಗೆ ಅವರು ನಮಗೆ ಹೇಳಿದ್ದು ಮಳೆ ಮತ್ತು ಇಂಬಳದ ಬಗ್ಗೆ ಮಾತ್ರ. ಮಲೆನಾಡಿನ ನಮಗೆ ಎರಡೂ ಹೊಸದಲ್ಲ. ಹಾಗಾಗಿ ನಾವೂ ಜಾಸ್ತಿ ಕೇಳಲಿಲ್ಲ.

ಆ ವರ್ಷದ ಕೊನೆಗೆ ನಾನು ಚಾನೆಲ್ ಬಿಟ್ಟೆ. ಆ ಪ್ರಶ್ನೆ ಮಾತ್ರ ಬಿಡಲಿಲ್ಲ. ಯುದ್ಧ ನೋಡಿದವರು ಟಿವಿಯಲ್ಲಿ ಕೂತು ಹೇಗೆ ಮಾತಾಡುತ್ತಿದ್ದರು ಅಂತ ತಿಳಿಯಬೇಕು ಅನ್ನಿಸಿತು. ಎರಡನೇ ಮಹಾಯುದ್ಧದ ವರದಿಗಾರರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಹಾಗೆ ಓದುತ್ತಿದ್ದಾಗ ಒಬ್ಬ ಅಮೆರಿಕನ್ ವರದಿಗಾರನ ಕಥೆಯಲ್ಲಿ ಇದ್ದಕ್ಕಿದ್ದ ಹಾಗೆ ಮೊಕೊಕ್‌ಚುಂಗ್ ಅನ್ನುವ ಹೆಸರು ಬಂತು. ಕುರ್ಚಿಯಿಂದ ಎದ್ದೇಬಿಟ್ಟೆ. ಆ ವರದಿಗಾರನ ಹೆಸರು ಎರಿಕ್ ಸೆವರೈಡ್.

ಸೆವರೈಡ್ ಹುಟ್ಟಿದ್ದು 1912ರಲ್ಲಿ, ಉತ್ತರ ಡಕೋಟಾ ರಾಜ್ಯದ ವೆಲ್ವಾ ಅನ್ನುವ ಸಣ್ಣ ಊರಿನಲ್ಲಿ. ನಾರ್ವೆಯಿಂದ ವಲಸೆ ಬಂದವರ ಮನೆತನ. ಸುತ್ತ ಗೋಧಿ ಹೊಲ. ಅಪ್ಪ ಬ್ಯಾಂಕ್ ನಡೆಸುತ್ತಿದ್ದವರು. ಬೆಳೆ ಕೈಕೊಟ್ಟು ರೈತರು ಮುಳುಗಿದಾಗ ಬ್ಯಾಂಕೂ ಮುಳುಗಿತು. ಮನೆಯವರೆಲ್ಲ ಊರು ಬಿಟ್ಟರು, ಕೊನೆಗೆ ಮಿನ್ನಿಯಾಪೊಲಿಸ್ ಸೇರಿದರು. ಹುಡುಗನಿಗೆ ಹದಿನೇಳು ವರ್ಷ ಇದ್ದಾಗ, 1930ರಲ್ಲಿ, ವಾಲ್ಟರ್ ಪೋರ್ಟ್ ಅನ್ನುವ ಗೆಳೆಯನ ಜೊತೆ ಒಂದು ದೋಣಿ ಹತ್ತಿ ಹೊರಟ. ಮಿನ್ನಿಯಾಪೊಲಿಸ್‌ನಿಂದ ಕೆನಡಾದ ಹಡ್ಸನ್ ಕೊಲ್ಲಿಯವರೆಗೆ, ನದಿ ಕೆರೆಗಳ ಮೇಲೆ 2,250 ಮೈಲಿ. ಹುಟ್ಟು ಹಾಕಿಕೊಂಡೇ ಹೋದರು. ದಾರಿಯಿಂದ ಬರೆದು ಕಳಿಸಿದ್ದಕ್ಕೆ ಊರಿನ ಪತ್ರಿಕೆ ಕೊಟ್ಟಿದ್ದು ನೂರು ಡಾಲರ್. ಅವನ ಮೊದಲ ವರದಿಗಾರಿಕೆ ಅದೇ. ಸುದ್ದಿ ಇರುವ ಜಾಗಕ್ಕೆ ಮೈ ಹೋಗಬೇಕು ಅನ್ನುವುದನ್ನು ಅವನಿಗೆ ಯಾರೂ ಪಾಠ ಮಾಡಿ ಹೇಳಬೇಕಾಗಿ ಬರಲಿಲ್ಲ.

ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವನು ಯುದ್ಧದ ಕಟ್ಟಾ ವಿರೋಧಿ. ಆಗ ಅಲ್ಲಿ ಗಂಡು ಹುಡುಗರಿಗೆ ಸೈನಿಕ ಕವಾಯತು ಕಡ್ಡಾಯ. ಅದನ್ನು ತೆಗೆಯಬೇಕು ಅಂತ ಹೋರಾಡಿದ ಗುಂಪಿನಲ್ಲಿ ಇವನೂ ಇದ್ದ. 1934ರಲ್ಲಿ ಆ ಕಡ್ಡಾಯ ಹೋಯಿತು. ಬಂದೂಕು ಹಿಡಿಯಲ್ಲ ಅಂದ ಹುಡುಗ ಮುಂದಿನ ಐದಾರು ವರ್ಷದಲ್ಲಿ ಯುದ್ಧದ ನಡುವೆ ನಿಂತಿದ್ದ, ಕೈಯಲ್ಲಿ ಮೈಕ್ ಹಿಡಿದು.

1937ರಲ್ಲಿ ಹೆಂಡತಿ ಲೋಯಿಸ್ ಜೊತೆ ಯುರೋಪಿಗೆ ಹೋದ. ಪ್ಯಾರಿಸ್‌ನಲ್ಲಿ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಕೆಲಸ, ರಾತ್ರಿ ಯುನೈಟೆಡ್ ಪ್ರೆಸ್ ಸುದ್ದಿಸಂಸ್ಥೆಯಲ್ಲಿ ಕೆಲಸ. 1939ರ ಆಗಸ್ಟಿನಲ್ಲಿ ಲಂಡನ್ನಿನಿಂದ ಎಡ್ವರ್ಡ್ ಮರ್ರೋ ಫೋನ್ ಮಾಡಿದ. ಅಮೆರಿಕದ ಸಿಬಿಎಸ್ ರೇಡಿಯೋದ ಯುರೋಪ್ ವಿಭಾಗವನ್ನು ಕಟ್ಟುತ್ತಿದ್ದವನು ಮರ್ರೋ. ಅವನಿಗೆ ಬೇಕಾಗಿದ್ದು ಒಳ್ಳೆ ಕಂಠದವರಲ್ಲ, ಬರೆಯಬಲ್ಲವರು, ಯೋಚನೆ ಮಾಡಬಲ್ಲವರು. ಸೆವರೈಡ್‌ನ ಮೊದಲ ಧ್ವನಿ ಪರೀಕ್ಷೆ ಚೆನ್ನಾಗಿ ಆಗಲಿಲ್ಲ. ನ್ಯೂಯಾರ್ಕಿನವರಿಗೆ ಹಿಡಿಸಲಿಲ್ಲ. ಮರ್ರೋ ತಲೆ ಕೆಡಿಸಿಕೊಳ್ಳಲಿಲ್ಲ, ಕೆಲಸ ಕೊಟ್ಟ. ಮೈಕ್ ಮುಂದೆ ಕೈ ನಡುಗುವುದು ಸೆವರೈಡ್‌ಗೆ ಆವತ್ತೂ ಇತ್ತು, ಮುಂದೆ ಕ್ಯಾಮೆರಾ ಬಂದ ಮೇಲೂ ಇತ್ತು. ಇಡೀ ವೃತ್ತಿಜೀವನ ಅದರ ಜೊತೆಗೇ ಬಾಳಿದ.

1940ರ ವಸಂತದಲ್ಲಿ ಪ್ಯಾರಿಸ್‌ನಲ್ಲಿ ಅವಳಿ ಗಂಡು ಮಕ್ಕಳು ಹುಟ್ಟಿದರು. ಕೆಲವೇ ದಿನದಲ್ಲಿ ಜರ್ಮನ್ ಸೇನೆ ಫ್ರಾನ್ಸಿಗೆ ನುಗ್ಗಿತು. ಬಾಣಂತಿ ಹೆಂಡತಿಯನ್ನೂ ಹಸುಗೂಸುಗಳನ್ನೂ ಅಮೆರಿಕಕ್ಕೆ ಕಳಿಸಿ ತಾನು ಉಳಿದ. ಪ್ಯಾರಿಸ್ ಖಾಲಿಯಾಗುವಾಗ ಆ ಜನರ ಜೊತೆಗೇ ತೂರ್ ಪಟ್ಟಣಕ್ಕೆ, ಅಲ್ಲಿಂದ ಬೋರ್ಡೋಗೆ ಹೋದ. ದಾರಿಯುದ್ದಕ್ಕೂ ವರದಿ ಮಾಡಿದ. ಅಲ್ಲಿಂದ ಹಡಗು ಹತ್ತಿ ಇಂಗ್ಲೆಂಡ್ ಸೇರಿದ.

ಲಂಡನ್ನಿನ ಬಗ್ಗೆ ಒಂದು ವಿಷಯ ಹೇಳಲೇಬೇಕು. 1940ರ ಆಗಸ್ಟ್ 24ರ ರಾತ್ರಿ ಲಂಡನ್ನಿನ ಹಲವು ಜಾಗಗಳಿಂದ ಒಂದೇ ಕಾರ್ಯಕ್ರಮ ನೇರ ಪ್ರಸಾರವಾಯಿತು. ಮರ್ರೋ ಟ್ರಫಾಲ್ಗರ್ ಚೌಕದ ಚರ್ಚಿನ ಮುಂದೆ ನಿಂತಿದ್ದ. ಸೈರನ್ ಕೂಗುತ್ತಿತ್ತು. ಅವನು ಮೈಕನ್ನು ನೆಲದ ಹತ್ತಿರ ಹಿಡಿದ. ಆಶ್ರಯಕ್ಕೆ ಹೋಗುತ್ತಿದ್ದವರ ಹೆಜ್ಜೆ ಸದ್ದು ಸಾಗರದಾಚೆ ಅಮೆರಿಕದ ಮನೆಗಳಲ್ಲಿ ಕೇಳಿಸಿತು. ಯಾರೂ ಓಡುತ್ತಿರಲಿಲ್ಲ, ಸುಮ್ನೆ ನಡೆಯುತ್ತಿದ್ದರು. ಅದೇ ರಾತ್ರಿ ಸೆವರೈಡ್ ಹ್ಯಾಮರ್‌ಸ್ಮಿತ್‌ನ ಒಂದು ನೃತ್ಯಶಾಲೆಯಲ್ಲಿದ್ದ. ಬಾಂಬಿನ ಭಯದ ನಡುವೆ ಜನ ಕುಣಿಯುತ್ತಿದ್ದುದನ್ನು ವರದಿ ಮಾಡಿದ.

ಸೈರನ್ ಅಂದರೆ ಅದು. ನಿಜವಾದ ಸೈರನ್. ನಾವು 2019ರಲ್ಲಿ ಸೌಂಡ್ ಲೈಬ್ರರಿಯಿಂದ ತೆಗೆದು ಹಾಕಿದ್ದೆವಲ್ಲ, ಅದಲ್ಲ. ಆ ಸದ್ದು ಎದೆಗೆ ಏನು ಮಾಡುತ್ತದೆ ಅಂತ ಗೊತ್ತಿದ್ದವರು ಅದನ್ನು ಹಿನ್ನೆಲೆ ಸಂಗೀತ ಮಾಡುತ್ತಿರಲಿಲ್ಲ.

ಸೆವರೈಡ್ ತನಗೆ ಬಾಂಬ್ ಅಂದರೆ ಭಯ ಅಂತ ಯಾವತ್ತೂ ಮುಚ್ಚಿಡಲಿಲ್ಲ. ಮರ್ರೋ ಬೀದಿಯಲ್ಲಿ ನಿಂತು ಆಕಾಶ ನೋಡುತ್ತಿದ್ದರೆ ತನಗೆ ನೆಲಮಾಳಿಗೆಗೆ ಇಳಿಯುವ ಆಸೆ ಆಗುತ್ತಿತ್ತು ಅಂತ ಒಪ್ಪಿಕೊಂಡವನು. ಆರೋಗ್ಯ ಕೆಟ್ಟು ಆ ವರ್ಷದ ಶರತ್ಕಾಲದಲ್ಲಿ ಅಮೆರಿಕಕ್ಕೆ ಹಿಂತಿರುಗಿದ. ಇಂಥ ಮನುಷ್ಯ ಮತ್ತೆ ಯುದ್ಧಕ್ಕೆ ಹೋದ ಅನ್ನುವುದು ನನಗೆ ದೊಡ್ಡದು. ಭಯ ಇಲ್ಲದವನು ಹೋಗುವುದು ಬೇರೆ. ಭಯ ಇದ್ದವನು ಹೋಗುವುದು ಬೇರೆ, ಅಲ್ವಾ?

ಈಗ ನಮ್ಮ ಕಡೆಗೆ ಬರೋಣ.

1942ರಲ್ಲಿ ಜಪಾನೀಯರು ಬರ್ಮಾ ಹಿಡಿದರು. ಚೀನಾಕ್ಕೆ ಸಾಮಾನು ಸಾಗಿಸುತ್ತಿದ್ದ ಬರ್ಮಾ ರಸ್ತೆ ಕಡಿದುಹೋಯಿತು. ಉಳಿದಿದ್ದು ಆಕಾಶ ಒಂದೇ. ಅಸ್ಸಾಮಿನ ಚಹಾ ತೋಟಗಳ ನಡುವೆ ವಿಮಾನ ನಿಲ್ದಾಣಗಳಾದವು. ಪೆಟ್ರೋಲು, ಮದ್ದುಗುಂಡು, ಔಷಧಿ ತುಂಬಿಕೊಂಡ ವಿಮಾನಗಳು ಹಿಮಾಲಯದ ಪೂರ್ವದ ಸಾಲು ದಾಟಿ ಚೀನಾದ ಕುನ್ಮಿಂಗ್‌ಗೆ ಹೋಗಬೇಕು. ಪೈಲಟ್‌ಗಳು ಆ ದಾರಿಗೆ ಇಟ್ಟ ಹೆಸರು 'ಹಂಪ್', ಅಂದರೆ ಡುಬ್ಬ. ಮೋಡ, ಮಂಜು, ಗಾಳಿ. ಕೆಳಗೆ ಕಾಡು, ಕಾಡಿನಲ್ಲಿ ಶತ್ರು. ಆ ಡುಬ್ಬ ನುಂಗಿದ ವಿಮಾನಗಳು ನೂರಾರು.

1943ರ ಆಗಸ್ಟ್ 2ರ ಬೆಳಗ್ಗೆ ಅಸ್ಸಾಮಿನ ಛಾಬುವಾದಿಂದ ಒಂದು ಸಿ-46 ಸರಕು ವಿಮಾನ ಮೇಲೆದ್ದಿತು. ಒಳಗೆ ಇಪ್ಪತ್ತೊಂದು ಜನ. ಹೆಚ್ಚಿನವರು ಸೈನಿಕರು. ಜಾನ್ ಪ್ಯಾಟನ್ ಡೇವಿಸ್ ಅನ್ನುವ ರಾಜತಾಂತ್ರಿಕ ಅಧಿಕಾರಿ ಇದ್ದ. ಸೆವರೈಡ್ ಇದ್ದ. ಹೊರಟು ಸುಮಾರು ಒಂದು ಗಂಟೆಗೆ ಎಡಗಡೆಯ ಎಂಜಿನ್ ನಿಂತಿತು. ಭಾರ ಕಡಿಮೆ ಮಾಡಲು ಎಲ್ಲರ ಗಂಟುಮೂಟೆ ಬಾಗಿಲಿನಿಂದ ಆಚೆ ಎಸೆದರು. ಸಾಲಲಿಲ್ಲ. ವಿಮಾನ ಇಳಿಯುತ್ತಲೇ ಹೋಯಿತು. ಕೊನೆಗೆ ಎಸೆಯಲು ಉಳಿದಿದ್ದು ಮನುಷ್ಯರು.

ಪ್ಯಾರಾಚೂಟ್ ಕಟ್ಟಿಕೊಂಡಿದ್ದರು, ಸರಿ. ಹಾರಿ ಅಭ್ಯಾಸ ಇರಲಿಲ್ಲ. ಬಾಗಿಲ ಹತ್ತಿರ ಸೆವರೈಡ್ ನಿಂತ ಆ ಕ್ಷಣವನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಬಾಂಬಿಗೆ ಹೆದರುತ್ತಿದ್ದವನು. ಮೈಕಿಗೂ ಹೆದರುತ್ತಿದ್ದವನು. ಮುಂದೆ ಬರೀ ಗಾಳಿ, ಕೆಳಗೆ ಹಸಿರು. ಕಣ್ಣು ಮುಚ್ಚಿ ಹಾರಿದ. ಕೊಡೆ ಬಿಚ್ಚಿಕೊಂಡಾಗ ತಾನು ಬದುಕುತ್ತೇನೆ ಅಂತ ತನ್ನ ಬಾಯೇ ಹೇಳಿದ್ದು ಅವನ ಕಿವಿಗೆ ಬಿತ್ತು. ಎದುರಿಗೆ ವಿಮಾನ ಬೆಟ್ಟಕ್ಕೆ ಬಡಿದು ಉರಿಯಿತು. ಇವನು ಪೊದೆ ತುಂಬಿದ ಇಳಿಜಾರಿನಲ್ಲಿ ಬಿದ್ದ. ಇಪ್ಪತ್ತು ಜನ ಉಳಿದರು. ಸಹ ಪೈಲಟ್ ಒಬ್ಬ ಸತ್ತ.

ಅವರು ಬಿದ್ದಿದ್ದು ಇಂದಿನ ನಾಗಾಲ್ಯಾಂಡ್ ಮತ್ತು ಮ್ಯಾನ್ಮಾರ್ ಗಡಿಯ ಬೆಟ್ಟಗಳಲ್ಲಿ. ಬ್ರಿಟಿಷರ ಕಾಗದದಲ್ಲೂ ಸರಿಯಾಗಿ ಯಾರ ಆಳ್ವಿಕೆಗೂ ಬಾರದ ಸೀಮೆ. ಅಲ್ಲಿನ ನಾಗಾ ಬುಡಕಟ್ಟುಗಳಲ್ಲಿ ಶತ್ರುವಿನ ತಲೆ ಕಡಿದು ತರುವ ಪದ್ಧತಿ ಆಗಿನ್ನೂ ಇತ್ತು. ಅಮೆರಿಕದ ಪತ್ರಿಕೆಗಳಿಗೆ ಅಷ್ಟೇ ಸಾಕಾಯಿತು. ತಲೆ ಕಡಿಯುವವರ ನಡುವೆ ಸಿಕ್ಕಿಬಿದ್ದ ವರದಿಗಾರ ಅಂತ ಸುದ್ದಿ ಓಡಿತು. ನಾನಾಗಿದ್ದರೂ ಹಾಗೇ ಹೆಡ್‌ಲೈನ್ ಕೊಡುತ್ತಿದ್ದೆ, ಸಂಶಯವೇ ಬೇಡ.

ಆದರೆ ಆ ಬೆಟ್ಟದವರ ಕಡೆಯಿಂದ ಸ್ವಲ್ಪ ನೋಡಿ. ಅದೇ ಸಾಲಿನಲ್ಲಿ ಪಾಂಗ್ಶಾ ಅನ್ನುವ ಹಳ್ಳಿ ಇದೆ. 1936ರಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ತುಕಡಿ ಕಟ್ಟಿಕೊಂಡು ಬಂದು ಆ ಹಳ್ಳಿಗೆ ಬೆಂಕಿ ಇಟ್ಟಿದ್ದ. ಏಳು ವರ್ಷವೂ ಆಗಿರಲಿಲ್ಲ. ಬಿಳಿ ಮುಖ ಅಂದರೆ ಆ ಸೀಮೆಯವರಿಗೆ ಉರಿಯುವ ಮನೆ ನೆನಪಾಗಬೇಕು. ಈಗ ಆಕಾಶದಿಂದ ಇಪ್ಪತ್ತು ಜನ ಬಿದ್ದಿದ್ದಾರೆ, ಹೆಚ್ಚಿನವರು ಅಂಥವರೇ. ಕೈಕಾಲು ಉಳುಕಿದೆ, ಆಯುಧ ಜಾಸ್ತಿ ಇಲ್ಲ. ಮುಗಿಸಿಬಿಡುವುದು ಸುಲಭವಿತ್ತು.

ಈಟಿ ಹಿಡಿದ ಗಂಡಸರು ಸಾಲಾಗಿ ಬಂದರು. ಸೆವರೈಡ್ ಎದ್ದು ಮುಂದೆ ಹೋಗಿ ಅಂಗೈ ಎತ್ತಿ "ಹಾವ್" ಅಂದ. ಅದು ಅಮೆರಿಕದ ಮೂಲನಿವಾಸಿಗಳ ನಮಸ್ಕಾರ ಅಂತ ಡಕೋಟಾದ ಹುಡುಗರು ಕಲಿಯುತ್ತಿದ್ದ ಮಾತು. ನಾಗಾ ಬೆಟ್ಟದಲ್ಲಿ ಅದು ಯಾರಿಗೆ ಅರ್ಥವಾಗಬೇಕು? ಆದರೂ ಎತ್ತಿದ ಖಾಲಿ ಕೈ ಅರ್ಥವಾಗಿರಬೇಕು. ಹಳ್ಳಿಯವರು ಇವರನ್ನು ತಮ್ಮ ಜೊತೆ ಕರೆದುಕೊಂಡು ಹೋದರು.

ಅದೇ ದಿನ ಮೇಲೆ ಹುಡುಕುತ್ತಿದ್ದ ವಿಮಾನದಿಂದ ಮೂವರು ಕೆಳಗೆ ಹಾರಿದರು. ಡಾನ್ ಫ್ಲಿಕಿಂಜರ್ ಅನ್ನುವ ಸೇನಾ ವೈದ್ಯ, ಜೊತೆಗೆ ಇಬ್ಬರು ಸಹಾಯಕರು. ಇವರ ವಿಮಾನವೇನೂ ಕೆಟ್ಟಿರಲಿಲ್ಲ. ಕೆಳಗೆ ಗಾಯಗೊಂಡವರಿದ್ದಾರೆ ಅಂತ ಗೊತ್ತಾಗಿ ಹಾರಿದವರು. ಫ್ಲಿಕಿಂಜರ್ ತಮ್ಮವರ ಕಾಲು ನೋಡಿದಷ್ಟೇ ಶ್ರದ್ಧೆಯಿಂದ ಹಳ್ಳಿಯವರ ಹುಣ್ಣಿಗೂ ಔಷಧಿ ಹಾಕಿದ. ಇಂಥವರ ಹೆಸರು ಯಾವ ಪಠ್ಯದಲ್ಲೂ ಬರುವುದಿಲ್ಲ. ನಾನಂತೂ ಇಲ್ಲಿ ಬರೆದಿಡುತ್ತೇನೆ.

ಎರಡು ವಾರದ ಹತ್ತಿರ ಹತ್ತಿರ ಆ ಹಳ್ಳಿಯ ಪಕ್ಕದಲ್ಲೇ ಇದ್ದರು. ಅತ್ತ ಮೊಕೊಕ್‌ಚುಂಗ್‌ನಿಂದ ಅಲ್ಲಿನ ಉಪವಿಭಾಗಾಧಿಕಾರಿ ಫಿಲಿಪ್ ಆ್ಯಡಮ್ಸ್ ನಾಗಾ ಜನರನ್ನು ಕಟ್ಟಿಕೊಂಡು ನಡೆದು ಬಂದ. ಆಮೇಲೆ ಎಲ್ಲರೂ ನಡೆದರು. ಆಗಸ್ಟ್ ತಿಂಗಳು. ನಾಗಾ ಬೆಟ್ಟದ ಮಳೆ. ಒಂದು ಬೆಟ್ಟ ಹತ್ತುವುದು, ಅಷ್ಟೇ ಇಳಿಯುವುದು, ಮತ್ತೆ ಎದುರಿಗೆ ಇನ್ನೊಂದು. ಸೇನೆಯ ಬೂಟು ಒದ್ದೆಯಾಗಿ ಕಾಲು ತಿನ್ನುತ್ತಿತ್ತು. ಹೊರೆ ಹೊತ್ತವರು ನಾಗಾಗಳು, ಬರಿಗಾಲಿನಲ್ಲಿ. ಆಗಸ್ಟ್ ಮುಗಿಯುವ ಹೊತ್ತಿಗೆ ಇಪ್ಪತ್ತು ಜನರೂ ಅಸ್ಸಾಮಿನ ಬಯಲು ಸೇರಿದರು.

ಆಮೇಲಿನ ಯುದ್ಧವನ್ನು ಬೇಗ ಹೇಳಿಬಿಡುತ್ತೇನೆ. 1944ರಲ್ಲಿ ಇಟಲಿ. ಜೂನ್‌ನಲ್ಲಿ ರೋಮ್ ಬಿದ್ದಾಗ ಅಲ್ಲಿದ್ದ. ಅಮೆರಿಕದ ಜನರಲ್ ಮಾರ್ಕ್ ಕ್ಲಾರ್ಕ್ ಫೋಟೋದವರನ್ನು ಸೇರಿಸಿಕೊಂಡು ಇದು ತನ್ನ ಐದನೇ ಸೇನೆಗೆ ದೊಡ್ಡ ದಿನ ಅಂದ. ಸತ್ತವರ ಮಾತಿಲ್ಲ, ಜೊತೆಗೆ ಹೋರಾಡಿದ ಬೇರೆ ದೇಶದವರ ಮಾತಿಲ್ಲ. ಸೆವರೈಡ್‌ಗೆ ಅದು ಕಹಿಯಾಗಿ ಉಳಿಯಿತು. ಅಲ್ಲಿಂದ ದಕ್ಷಿಣ ಫ್ರಾನ್ಸ್, ಅಲ್ಲಿಂದ ಜರ್ಮನಿ.

ಯುದ್ಧದ ಕೊನೆಗೆ ರೇಡಿಯೋದಲ್ಲಿ ಅವನು ಹೇಳಿದ ಒಂದು ಮಾತು ಇದೆ. ಯುದ್ಧ ನಡೆಯುವುದು ಒಬ್ಬ ಮನುಷ್ಯನ ಒಳಗೆ, ಅವನೊಬ್ಬನಿಗೇ. ಅದನ್ನು ಇನ್ನೊಬ್ಬರಿಗೆ ದಾಟಿಸಲು ಬರುವುದಿಲ್ಲ. ಹಾಗಾಗಿ ಯುದ್ಧದಿಂದ ಬಂದ ನಿಮ್ಮ ಮಕ್ಕಳು ಒಂದು ರೀತಿಯಲ್ಲಿ ಕೊನೆಯವರೆಗೂ ನಿಮಗೆ ಅಪರಿಚಿತರಾಗಿಯೇ ಇರುತ್ತಾರೆ. ಅವನ ಮಾತಿನ ಸಾರ ಇದು. ಐದು ವರ್ಷ ಯುದ್ಧವನ್ನು ಮನೆಮನೆಗೆ ಮುಟ್ಟಿಸಿದವನು, ಅದು ಪೂರ್ತಿ ಮುಟ್ಟುವಂಥದ್ದಲ್ಲ ಅಂತ ಮೈಕಿನಲ್ಲೇ ಹೇಳಿದ. ಇದನ್ನು ಓದಿದ ದಿನ ನನಗೆ ಅಪ್ಪಯ್ಯನ ಮಳೆ ಮತ್ತು ಇಂಬಳ ನೆನಪಾದವು. ಮೂರು ವರ್ಷದಲ್ಲಿ ನಮಗೆ ದಾಟಿಸಬಹುದಾಗಿದ್ದು ಅಷ್ಟೇ ಇತ್ತೇನೋ.

ಆಮೇಲೆ ಟಿವಿ ಬಂತು.

ರೇಡಿಯೋದವರಲ್ಲಿ ಹಲವರಿಗೆ ಆ ಪೆಟ್ಟಿಗೆ ಮೊದಲು ಹಿಡಿಸಲಿಲ್ಲ. ಸೆವರೈಡ್‌ಗೆ ಅಂತೂ ಕ್ಯಾಮೆರಾ ಅಂದರೆ ಹಿಂಸೆ. ನೋಡಲು ಎತ್ತರದ, ಗಂಭೀರ ಮುಖದ ಆಸಾಮಿ. ಪರದೆಯ ಮೇಲೆ ಬಂಡೆಯ ಹಾಗೆ ಕಾಣುತ್ತಿದ್ದ. ಒಳಗೆ ಬೆವರುತ್ತಿದ್ದ. 1963ರ ಸೆಪ್ಟೆಂಬರಿನಲ್ಲಿ ಸಿಬಿಎಸ್ ತನ್ನ ಸಂಜೆಯ ವಾರ್ತೆಯನ್ನು ಹದಿನೈದು ನಿಮಿಷದಿಂದ ಅರ್ಧ ಗಂಟೆಗೆ ಹೆಚ್ಚಿಸಿತು. ವಾರ್ತೆ ಓದುತ್ತಿದ್ದವನು ವಾಲ್ಟರ್ ಕ್ರಾಂಕೈಟ್, ಅವನೂ ಯುದ್ಧ ವರದಿಗಾರನಾಗಿದ್ದವನೇ. ಹೊತ್ತು ಜಾಸ್ತಿ ಸಿಕ್ಕಿದ್ದರಿಂದ ಸುದ್ದಿಯ ಜೊತೆ ಒಂದು ಟಿಪ್ಪಣಿಗೂ ಜಾಗವಾಯಿತು. 1964ರಿಂದ 1977ರವರೆಗೆ ಆ ಜಾಗದಲ್ಲಿ ಕೂತಿದ್ದು ಸೆವರೈಡ್. ವಾರಕ್ಕೆ ಹಲವು ಸಂಜೆ, ಸುಮಾರು ಎರಡು ನಿಮಿಷ.

ಎರಡು ನಿಮಿಷ ಅಂದರೆ ಏನು ಅಂತ ಡೆಸ್ಕಿನಲ್ಲಿ ಕೂತವರಿಗೆ ಗೊತ್ತು. ನಮ್ಮ ಲೆಕ್ಕದಲ್ಲಿ ಕನ್ನಡದ ಇನ್ನೂರು ಪದ, ಆ್ಯಂಕರ್ ಜೋರಾಗಿ ಓದಿದರೆ ಇನ್ನೂ ಇಪ್ಪತ್ತು. ಒಂದು ಪುಟ ತುಂಬುವುದಿಲ್ಲ. ಅದರಲ್ಲಿ ನಾವು ಮೂರು ಸಲ 'ಬ್ರೇಕಿಂಗ್' ಅಂದು, ಎರಡು ಪ್ರಶ್ನೆ ಎಸೆದು, ಬೈಟ್ ಅಂದರೆ ಯಾರದೋ ಮಾತಿನ ತುಣುಕು ಹಾಕಿ, ಬ್ರೇಕಿಗೆ ಹೋಗುತ್ತಿದ್ದೆವು. ಅವನು ಅದೇ ಎರಡು ನಿಮಿಷಕ್ಕೆ ದಿನವಿಡೀ ಕೂತು ಬರೆಯುತ್ತಿದ್ದ. ಹಿಂದೆ ಚಿತ್ರ ಇಲ್ಲ, ಗ್ರಾಫಿಕ್ಸ್ ಇಲ್ಲ. ಒಬ್ಬ ಮನುಷ್ಯ, ಅವನ ಮುಖ, ಅವನೇ ಬರೆದ ವಾಕ್ಯ.

ಅವನಿಗೆ ಬೈಗುಳವೂ ಬಂತು. ಎಲ್ಲ ಕಡೆಯ ಮಾತೂ ಹೇಳುತ್ತಾನೆ, ಒಂದು ಕಡೆ ನಿಲ್ಲುವುದಿಲ್ಲ ಅಂತ ಅವನ ಹೆಸರನ್ನೇ ತಿರುಚಿ 'ಹಲವು ಕಡೆಯ ಎರಿಕ್' ಅನ್ನುವ ಅರ್ಥ ಬರುವ ಹಾಗೆ ಕರೆದರು. 1969ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಪಿರೊ ಆಗ್ನ್ಯೂ ಟಿವಿ ವಿಶ್ಲೇಷಕರ ಮೇಲೆ ಹರಿಹಾಯ್ದಾಗ ಇವನಂಥವರೇ ಗುರಿ. ಒಂದು ಕಡೆಯವರಿಗೆ ಗಟ್ಟಿಯಾಗಿ ಮಾತಾಡಲಿಲ್ಲ ಅಂತ ಸಿಟ್ಟು, ಇನ್ನೊಂದು ಕಡೆಯವರಿಗೆ ಮಾತಾಡಿದ್ದಕ್ಕೇ ಸಿಟ್ಟು.

ಹಲವು ಕಡೆ ಅನ್ನುವ ಆ ದೂರನ್ನು ನಾನು ಒಪ್ಪುವುದಿಲ್ಲ. ಕೆಲವು ಟಿಪ್ಪಣಿಗಳು ತೀರಾ ಹದವಾಗಿ ಇದ್ದಿರಬಹುದು, ಹದಿಮೂರು ವರ್ಷದಲ್ಲಿ ಎಲ್ಲವೂ ಒಂದೇ ಗುಣದ್ದಾಗಿರಲು ಸಾಧ್ಯವಿಲ್ಲ. ಆದರೆ ನಿಲ್ಲಬೇಕಾದ ಕಡೆ ಅವನು ನಿಂತ. 1966ರಲ್ಲಿ ವಿಯೆಟ್ನಾಮಿಗೆ ಹೋಗಿ ಬಂದು ತನಗೆ ಕಂಡ ಅನುಮಾನಗಳನ್ನು ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಹೇಳಿದ. ಆಗಿನ್ನೂ ದೊಡ್ಡ ಚಾನೆಲ್ಲುಗಳಲ್ಲಿ ಹಾಗೆ ಮಾತಾಡುವುದು ವಾಡಿಕೆಯಾಗಿರಲಿಲ್ಲ. ಹಿಂದಿನ ವರ್ಷ, 1965ರ ಜುಲೈನಲ್ಲಿ, ವಿಶ್ವಸಂಸ್ಥೆಯ ಅಮೆರಿಕದ ರಾಯಭಾರಿ ಆ್ಯಡ್ಲೈ ಸ್ಟೀವನ್ಸನ್ ಜೊತೆ ಲಂಡನ್ನಿನಲ್ಲಿ ರಾತ್ರಿ ಹೊತ್ತು ಮಾತಾಡಿದ್ದ. ಎರಡು ದಿನದಲ್ಲಿ ಸ್ಟೀವನ್ಸನ್ ಲಂಡನ್ನಿನ ಬೀದಿಯಲ್ಲೇ ಕುಸಿದು ಸತ್ತ. ಆ ರಾತ್ರಿಯ ಮಾತನ್ನು ಸೆವರೈಡ್ ಬರೆದ. ಉತ್ತರ ವಿಯೆಟ್ನಾಂ ಜೊತೆ ಮಾತುಕತೆಗೆ ವಿಶ್ವಸಂಸ್ಥೆಯ ಮುಖ್ಯಸ್ಥ ಊ ಥಾಂಟ್ ದಾರಿ ಮಾಡಿದ್ದರು, ಅಮೆರಿಕ ಅದನ್ನು ಬೇಡ ಅಂದಿತ್ತು ಅನ್ನುವುದು ಅದರಿಂದ ಹೊರಬಂತು. ಸತ್ತವನ ಖಾಸಗಿ ಮಾತು ಬರೆಯಬಹುದಾಗಿತ್ತಾ ಅಂತ ಜಗಳ ಎದ್ದಿತು. ಬರೆದದ್ದೇ ಸರಿ ಅಂತ ನನಗೆ ಅನ್ನಿಸುತ್ತದೆ. ಅಲ್ಲಿ ಹುಡುಗರು ಸಾಯುತ್ತಿದ್ದರು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಅದು ರೇಡಿಯೋದ್ದು, 1954ರ ನವೆಂಬರ್‌ನದ್ದು.

ವಿಮಾನದಿಂದ ಜೊತೆಗೆ ಹಾರಿದ ಜಾನ್ ಪ್ಯಾಟನ್ ಡೇವಿಸ್ ನೆನಪಿದ್ದಾನಲ್ಲ. ಅವನು ಚೀನಾ ಬಲ್ಲವನು. ಆಗ ಚೀನಾ ಆಳುತ್ತಿದ್ದ ಚಿಯಾಂಗ್ ಕೈ ಶೆಕ್‌ನ ಆಡಳಿತ ಒಳಗಿಂದ ಹಾಳಾಗಿದೆ, ಕಮ್ಯುನಿಸ್ಟರು ಗೆಲ್ಲಬಹುದು ಅಂತ ಯುದ್ಧದ ಕಾಲದಲ್ಲೇ ಸರ್ಕಾರಕ್ಕೆ ಬರೆದಿದ್ದ. ಹಾಗೇ ಆಯಿತು. ಎಲ್ಲೆಲ್ಲೂ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸೆನೆಟರ್ ಮೆಕಾರ್ಥಿಯ ಕಾಲ ಬಂತು. ಚೀನಾವನ್ನು ಕಳೆದವರು ಯಾರು ಅಂತ ಹುಡುಕಾಟ ಶುರುವಾಯಿತು. ಆಗುವುದನ್ನು ಮೊದಲೇ ಹೇಳಿದವನೇ ಅಪರಾಧಿಯಾದ. ಒಂದಾದ ಮೇಲೊಂದು ವಿಚಾರಣೆ. ದೇಶನಿಷ್ಠೆಯಲ್ಲಿ ತಪ್ಪು ಸಿಗಲಿಲ್ಲ. ಕೊನೆಗೆ ವಿವೇಚನೆ ಸಾಲದು ಅಂತ ಹೇಳಿ ವಿದೇಶಾಂಗ ಕಾರ್ಯದರ್ಶಿ ಡಲ್ಲಸ್ ಅವನನ್ನು ಕೆಲಸದಿಂದ ತೆಗೆದ.

ಆಗ ಸೆವರೈಡ್ ಮೈಕಿನ ಮುಂದೆ ಕೂತು ಆ ಕಾಡಿನ ಕಥೆ ಹೇಳಿದ. ವಾದ ಹೂಡಲಿಲ್ಲ, ಡಲ್ಲಸ್‌ನನ್ನು ಬೈಯಲಿಲ್ಲ. ಹನ್ನೊಂದು ವರ್ಷದ ಹಿಂದೆ ಕೆಟ್ಟ ವಿಮಾನದಲ್ಲಿ, ಮಳೆಯ ಬೆಟ್ಟದಲ್ಲಿ ಈ ಮನುಷ್ಯ ಹೇಗೆ ನಡೆದುಕೊಂಡ ಅಂತ ಮಾತ್ರ ಹೇಳಿದ. ಮತ್ತೊಮ್ಮೆ ಅಂಥ ಕಷ್ಟಕ್ಕೆ ಸಿಕ್ಕಿದರೆ ಪಕ್ಕದಲ್ಲಿ ಇರಬೇಕಾದವನು ಇವನೇ ಅಂತ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ ಅಂದ.

ಮೆಕಾರ್ಥಿಯ ಕಾಲದಲ್ಲಿ ಹಾಗೆ ಹೇಳಿದವನ ಕೆಲಸಕ್ಕೂ ಕುತ್ತು ಬರಬಹುದಿತ್ತು. ಬೇರೆ ಯಾವ ಟಿಪ್ಪಣಿಕಾರನಿಗೂ ಇದನ್ನು ಬರೆಯಲು ಆಗುತ್ತಿರಲಿಲ್ಲ ಅನ್ನುವುದನ್ನೂ ಗಮನಿಸಿ. ಜಾಣತನ ಎಷ್ಟಿದ್ದರೂ ಆಗುತ್ತಿರಲಿಲ್ಲ. ಆ ಎರಡು ನಿಮಿಷ ಬರೆಯಬೇಕಾದರೆ ಛಾಬುವಾದಿಂದ ಹೊರಟು, ಕಣ್ಣು ಮುಚ್ಚಿ ಹಾರಿ, ಮೊಕೊಕ್‌ಚುಂಗ್‌ವರೆಗೆ ನಡೆದಿರಬೇಕಿತ್ತು. ನಾನು ಹನ್ನೊಂದು ವರ್ಷ ಚಾನೆಲ್ಲಿನಲ್ಲಿ ಬರೆದ ಸಾವಿರಾರು ಪುಟಗಳಲ್ಲಿ, ನಾನೇ ಬರೆಯಬೇಕಿತ್ತು ಅನ್ನುವ ಪುಟ ಎಷ್ಟು ಅಂತ ಆವತ್ತು ರಾತ್ರಿ ಯೋಚಿಸಿದೆ. ಎರಡು ನೆನಪಾದವು. ಒಂದು ನಮ್ಮೂರ ಹೊಳೆಗೆ ನೆರೆ ಬಂದಾಗ ಬರೆದದ್ದು. ಇನ್ನೊಂದು ನಮ್ಮ ಶಾಲೆ ಮುಚ್ಚಿದಾಗ ಬರೆದದ್ದು.

ಡೇವಿಸ್ ಆಮೇಲೆ ಪೆರು ದೇಶದ ಲಿಮಾದಲ್ಲಿ ಪೀಠೋಪಕರಣ ಮಾಡುವ ಕಾರ್ಖಾನೆ ಇಟ್ಟ. ಕುರ್ಚಿ ಮೇಜು ಮಾಡಿಸಿ ಬದುಕಿದ. 1969ರಲ್ಲಿ ಸರ್ಕಾರ ಅವನ ಮೇಲಿನ ಕಳಂಕ ತೆಗೆಯಿತು. ಆಗ ಅವನಿಗೆ ಅರವತ್ತು ದಾಟಿತ್ತು.

ಸೆವರೈಡ್ ಕೊನೆಯ ಟಿಪ್ಪಣಿ ಹೇಳಿದ್ದು 1977ರ ನವೆಂಬರ್ 30ರಂದು. ಸಿಬಿಎಸ್‌ನಲ್ಲಿ ಅರವತ್ತೈದಕ್ಕೆ ನಿವೃತ್ತಿ. ಆವತ್ತು ಅವನು ತಾನು ಇಟ್ಟುಕೊಂಡಿದ್ದ ಕೆಲವು ನಿಯಮಗಳನ್ನು ಹೇಳಿದ. ಕೇಳುವವರ ಬುದ್ಧಿಯನ್ನು ಕಡಿಮೆ ಅಂದಾಜು ಮಾಡಬಾರದು, ಅವರಿಗಿರುವ ಮಾಹಿತಿಯನ್ನು ಜಾಸ್ತಿ ಅಂದಾಜು ಮಾಡಬಾರದು ಅನ್ನುವುದು ಅದರಲ್ಲಿ ಒಂದು. ನಾವು ಡೆಸ್ಕಿನಲ್ಲಿ ಇದನ್ನು ಸರಿಯಾಗಿ ತಿರುಗಾಮುರುಗಾ ಮಾಡುತ್ತಿದ್ದೆವು. ಜನರಿಗೆ ಬಾಲಾಕೋಟ್ ಎಲ್ಲಿದೆ ಅಂತ ಒಂದು ಸರಿಯಾದ ನಕ್ಷೆ ತೋರಿಸಲಿಲ್ಲ. ಅವರು ಯೋಚಿಸಬಲ್ಲರು ಅಂತಲೂ ನಂಬಲಿಲ್ಲ. 1992ರ ಜುಲೈನಲ್ಲಿ ಅವನು ತೀರಿಕೊಂಡ, ವಾಷಿಂಗ್ಟನ್‌ನಲ್ಲಿ.

ಕಳೆದ ಮಳೆಗಾಲ ಊರಿಗೆ ಹೋಗಿದ್ದೆ. ಕರೆಂಟು ಇರಲಿಲ್ಲ. ಜಗಲಿಯಲ್ಲಿ ಕೂತು ಅಪ್ಪಯ್ಯನಿಗೆ ಈ ಕಥೆ ಓದಿ ಹೇಳಿದೆ, ಇಂಗ್ಲಿಷಿನಲ್ಲಿದ್ದಿದ್ದನ್ನು ಕನ್ನಡ ಮಾಡಿಕೊಂಡು. ಅಂಗಳದಿಂದ ಹತ್ತಿ ಬಂದಿದ್ದ ಇಂಬಳ ಒಂದನ್ನು ಅವರು ಸುಣ್ಣ ಮುಟ್ಟಿಸಿ ಕಾಲಿನಿಂದ ಬಿಡಿಸುತ್ತಾ ಕೇಳಿದರು. ವಿಮಾನದ ಕಥೆಗೆ ಏನೂ ಅನ್ನಲಿಲ್ಲ. ತಲೆ ಕಡಿಯುವ ವಿಷಯಕ್ಕೂ ಏನೂ ಅನ್ನಲಿಲ್ಲ. ಮೊಕೊಕ್‌ಚುಂಗ್ ಬಂದಾಗ ತಲೆ ಎತ್ತಿದರು.

"ಸಾಮಾನು ಹೊತ್ತೋರ ಹೆಸರು ಬರ್ದಿದಾರಾ?"

ನಾನು ಪುಟ ತಿರುವಿದೆ. ವೈದ್ಯನ ಹೆಸರಿತ್ತು, ಅಧಿಕಾರಿಯ ಹೆಸರಿತ್ತು, ರಾಯಭಾರ ಕಚೇರಿಯವನ ಹೆಸರಿತ್ತು. ನನ್ನ ಮುಂದಿದ್ದ ಹಾಳೆಗಳಲ್ಲಿ ಹೊತ್ತವರೆಲ್ಲ ಬರೀ ನಾಗಾಗಳು.

ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ಹೆಸರು ಹೇಳಿದರು. ನಲವತ್ತು ವರ್ಷದಲ್ಲಿ ನಾವು ಒಮ್ಮೆಯೂ ಕೇಳದಿದ್ದ ಹೆಸರು. ಜ್ವರ ಬಂದು ಬಿದ್ದಿದ್ದಾಗ ಅವರನ್ನು ಬೆನ್ನಮೇಲೆ ಹೊತ್ತು ಕ್ಯಾಂಪಿನವರೆಗೆ ಇಳಿಸಿದವನಂತೆ. ಎರಡು ಬೆಟ್ಟ. ಹೇಗೆ ಬರೆಯುವುದು ಅಂತ ಕೇಳಿದೆ. ಅವರು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.